ಬೂದು ಕಾರ್ಡಿನ ಬೆನ್ನು

ಬೆಳಕು ಹರಿಯುವ ಮೊದಲು ಮುಗಿಯಬೇಕಾದ ಕೆಲಸಗಳು ಇಷ್ಟು. ಅತ್ತೆಯನ್ನು ಎಡಮಗ್ಗುಲಿನಿಂದ ಬಲಮಗ್ಗುಲಿಗೆ ಹೊರಳಿಸಬೇಕು. ಬೆನ್ನು ಒರೆಸಿ ಪುಡಿ ಹಚ್ಚಬೇಕು. ಒದ್ದೆಯಾದ ಹಾಸನ್ನು ಎಳೆದು ಒಣಗಿದ್ದನ್ನು ಹಾಸಿ, ಎಳೆದದ್ದನ್ನು ಬಕೆಟ್ಟಿನಲ್ಲಿ ನೆನೆಸಬೇಕು. ಒಲೆಯ ಬೂದಿ ಬಾಚಬೇಕು. ಒಲೆಯ ಮೇಲಿನ ಹಲಗೆಯಲ್ಲಿ ಎರಡು ದಿನ ಒಣಗಿದ ಸೌದೆಯನ್ನು ಬೆರಳ ಗಾತ್ರಕ್ಕೆ ಸೀಳಿ, ದಪ್ಪದ್ದು ಕೆಳಗೆ ಸಣ್ಣದ್ದು ಮೇಲೆ ಜೋಡಿಸಿ, ಬೆಂಕಿಯನ್ನು ತಲೆಯ ಕಡೆಯಿಂದ ಹಚ್ಚಬೇಕು. ಹಾಗೆ ಹಚ್ಚಿದರೆ ಹೊಗೆ ಕಡಿಮೆ. ನೀರು ಕಾಯುವಷ್ಟರಲ್ಲಿ ಅಕ್ಕಿ ತೊಳೆಯಬೇಕು, ಗಂಜಿ ಬೇಯುವಷ್ಟರಲ್ಲಿ ನಲ್ಲಿ ಬರುತ್ತದೆ, ಹಿಡಿಯಬೇಕು. ಅತ್ತೆಗೆ ಹದಿನಾಲ್ಕು ಚಮಚ ಗಂಜಿ ಕುಡಿಸಬೇಕು. ಹದಿಮೂರಕ್ಕೆ ಅವರು ಬಾಯಿ ಮುಚ್ಚುತ್ತಾರೆ, ಹದಿನಾಲ್ಕನೆಯದಕ್ಕೆ ಏನಾದರೂ ಉಪಾಯ ಹೂಡಬೇಕು. ಆಮೇಲೆ ತನ್ನದು, ನಿಂತೇ.

ಇದ್ಯಾವುದೂ ಕೆಲಸವಲ್ಲ. ಕೆಲಸ ಎಂದು ಪುರಸಭೆಯ ಪುಸ್ತಕದಲ್ಲಿ ಬರೆದಿರುವುದು ಇದೆಲ್ಲ ಮುಗಿದ ಮೇಲೆ ಶುರುವಾಗುತ್ತದೆ.

ಊರ ನಡುವಿನ ನೀರಿನ ಟ್ಯಾಂಕಿಗೆ ತೊಂಬತ್ತೆರಡು ಮೆಟ್ಟಿಲು. ಸೂರ್ಯ ಹುಟ್ಟುವ ಹೊತ್ತಿಗೆ ಅವಳು ಮೇಲಿರಬೇಕು. ಕೊರಳಲ್ಲಿ ದಾರ, ದಾರದ ತುದಿಯಲ್ಲಿ ಅಂಗೈ ಅಗಲದ ಒಂದು ಕಾರ್ಡು. ಕಾರ್ಡಿನಲ್ಲಿ ಆರು ಚೌಕ: ಮೊದಲನೆಯದು ಬಿಳಿ, ಕೊನೆಯದು ಕಪ್ಪು, ನಡುವೆ ನಾಲ್ಕು ಬಗೆಯ ಬೂದು. ಸೊನ್ನೆಯಿಂದ ಐದರವರೆಗೆ ಅಂಕಿ. ಕಾರ್ಡನ್ನು ತೋಳುದ್ದ ದೂರ ಹಿಡಿದು, ಕಣ್ಣನ್ನು ಅರ್ಧ ಮುಚ್ಚಿ, ಚಿಮಣಿಯ ಬಾಯಿಂದ ಏಳುವ ಹೊಗೆ ಯಾವ ಚೌಕಕ್ಕೆ ಹೊಂದುತ್ತದೆ ಎಂದು ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಒಂದು, ಎರಡಾದರೆ ಪರವಾಗಿಲ್ಲ. ಮೂರು ಅಥವಾ ಮೇಲಿನದು ಐದು ನಿಮಿಷ ಮೀರಿದರೆ ಎಚ್ಚರಿಕೆ ಚೀಟಿ. ಪಕ್ಕದ ಮನೆಯವರ ದೂರು ಇದ್ದಲ್ಲಿ, ಮೂರು ದಿನ ಮೂರು ಬಂದರೆ ಒಲೆಯ ಬಾಯಿಗೆ ಇಟ್ಟಿಗೆ, ಗಾರೆ, ಪುರಸಭೆಯ ಮೊಹರು.

ಈ ಕೆಲಸ ಮೊದಲು ಅವಳ ಗಂಡನದಾಗಿತ್ತು. ಒಂದು ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಕೂತವನು ಹಾಗೇ ವಾಲಿದ. ತಿಂಗಳ ಮೇಲೆ ಪುರಸಭೆಯವರು ‘ಅನುಕಂಪದ ಆಧಾರದ ಮೇಲೆ’ ಎಂದು ಬರೆದು ಅವಳಿಗೆ ಕೊಟ್ಟರು. ಕಲಿಸಿದ್ದು ಹೆಡ್ ಕ್ಲರ್ಕು, ಮೂರೇ ಮಾತಿನಲ್ಲಿ.

“ಹಿಡೀರಿ, ಹೊಂದಿಸಿ, ಬರೀರಿ. ಬಟ್ಟೆಗೆ ದಾರ ಹೊಂದಿಸೋ ಹೆಂಗಸರಿಗೆ ಇದೇನು ಕಷ್ಟ?”

ಕಾರ್ಡು ಗಂಡನ ಕೈಬೆವರಿಗೆ ಮೆತ್ತಗಾಗಿ ಬಾಗುತ್ತಿತ್ತು. ಮೊದಲ ವಾರವೇ ಅವಳು ಮೈದಾಹಿಟ್ಟಿನ ಅಂಟು ಕಾಯಿಸಿ, ಸೋಪಿನ ಪೆಟ್ಟಿಗೆಯ ರಟ್ಟನ್ನು ಅಳತೆಗೆ ಕತ್ತರಿಸಿ ಅದರ ಬೆನ್ನಿಗೆ ಅಂಟಿಸಿದಳು. ಬೆನ್ನಲ್ಲಿ ಏನೋ ಸಣ್ಣಕ್ಷರದಲ್ಲಿ ಅಚ್ಚಾಗಿತ್ತು. ಅಚ್ಚು ಹಾಕಿದವರ ವಿಳಾಸವಿರಬೇಕು ಅಂದುಕೊಂಡಳು. ಹರಿದದ್ದನ್ನು ಹೊಲಿದು ಬಾಗಿದ್ದನ್ನು ನೆಟ್ಟಗೆ ಮಾಡಿ ಅಭ್ಯಾಸವಾದ ಕೈ ಅದು; ಒಲೆಯ ಮೇಲೆ ಅಂಟು ಗಟ್ಟಿಯಾಗುತ್ತಿತ್ತು, ಓದಲು ಪುರುಸೊತ್ತಿರಲಿಲ್ಲ.

ಗಂಡ ದಿನಕ್ಕೆ ಎರಡು ಸಲ ಟ್ಯಾಂಕು ಹತ್ತುತ್ತಿದ್ದ, ಬೆಳಿಗ್ಗೆ ಒಮ್ಮೆ, ಇಳಿಹೊತ್ತಿಗೆ ಒಮ್ಮೆ. ಇಳಿಹೊತ್ತಿನ ಸವಾರಿ ಹರಟೆಗೆ ಎಂದು ಅವಳು ಎಷ್ಟೋ ಸಲ ಜಗಳವಾಡಿದ್ದಳು. ಕೆಲಸ ತನ್ನ ಕೈಗೆ ಬಂದಾಗ ಎರಡನ್ನೂ ಬೆಳಿಗ್ಗೆಗೇ ಸೇರಿಸಿದಳು: ಮೊದಲು ಪಡುವಣ ಕೇರಿ, ಆಮೇಲೆ ತಿರುಗಿ ನಿಂತು ಮೂಡಣ ಕೇರಿ. ಇಳಿಹೊತ್ತಿಗೆ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕಬೇಕು, ಒಣಗಿದ ಹಾಸುಗಳನ್ನು ಮಡಚಬೇಕು, ಅಡುಗೆಯಾಗಬೇಕು. ಮೆಟ್ಟಿಲು ಹತ್ತುವ ಹೊತ್ತಲ್ಲ ಅದು.

“ನನ್ನ ಮಗ ಎರಡು ಹೊತ್ತು ಹತ್ತುತಿದ್ದ. ನೀನು ಒಂದೇ ಹೊತ್ತಿಗೆ ಮುಗಿಸ್ತೀಯ” ಎಂದರು ಅತ್ತೆ. ಹೊಗಳಿದರೋ ಚುಚ್ಚಿದರೋ, ಅವರ ಮಾತಿನಲ್ಲಿ ಎಂದೂ ಗೊತ್ತಾಗುವಂತಿರಲಿಲ್ಲ.

ಹಾಗೆ ಹನ್ನೊಂದು ವರ್ಷ. ಊರಿನಲ್ಲಿ ಯಾರು ಎಷ್ಟು ಹೊತ್ತಿಗೆ ಎದ್ದರು ಎನ್ನುವುದು ಅವಳಿಗೆ ಗೊತ್ತಾಗುತ್ತಿತ್ತು. ತೆಳ್ಳಗೆ, ಏಳುವುದಕ್ಕೇ ಮನಸ್ಸಿಲ್ಲದಂತೆ ಏಳುವ ಹೊಗೆ ಹೊಸ ಸೊಸೆಯದು. ಊದುಗೊಳವೆಗೆ ಇನ್ನೂ ಉಸಿರು ಕುದುರಿಲ್ಲ. ನಸುಕಿನಿಂದ ಹತ್ತರವರೆಗೂ ನಿಲ್ಲದೆ ಏಳುತ್ತಿದ್ದರೆ ಮನೆಯಲ್ಲಿ ಬಾಣಂತಿ, ಇಲ್ಲವೇ ಹಾಸಿಗೆ ಹಿಡಿದವರು. ಹೆಂಡತಿ ತವರಿಗೆ ಹೋದ ಮನೆಯ ಗಂಡಸು ಹಚ್ಚಿದ ಒಲೆ ಕಾಲು ಗಂಟೆ ನಾಲ್ಕನೇ ಚೌಕದಲ್ಲಿ ನಿಂತು, ಆಮೇಲೆ ಪೂರ್ತಿ ಆರಿಹೋಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅವನು ಹೋಟೆಲಿನ ಕಡೆ ನಡೆಯುವುದು ಕಾಣುತ್ತದೆ. ಊರಿನ ಅಷ್ಟೂ ಬೆಳಗುಗಳು ಅವಳ ಕಣ್ಣ ಕೆಳಗಿದ್ದವು. ಅವಳ ಬೆಳಗು ಹೇಗಿತ್ತೆಂದು ಕೇಳುವವರಿರಲಿಲ್ಲ. ಟ್ಯಾಂಕಿನಿಂದ ಇಳಿದು ಬರುವಾಗ “ಹೊಗೆಯಮ್ಮ ಬಂದ್ಲು, ಒಲೆ ಮುಚ್ಚು” ಎಂದು ಯಾರಾದರೂ ಬಾಗಿಲಲ್ಲಿ ನಿಂತು ನಗುತ್ತಿದ್ದರು. ತಮಾಷೆ ಹಳಸಿದ ಮೇಲೂ ಅವಳು ನಕ್ಕುಬಿಡುತ್ತಿದ್ದಳು. ಎಷ್ಟೋ ದಿನ, ಮನೆಯ ಹೊರಗೆ ಅವಳನ್ನು ಉದ್ದೇಶಿಸಿ ಯಾರಾದರೂ ಆಡಿದ ಮಾತು ಅದೊಂದೇ.

ರಿಜಿಸ್ಟರಿನಲ್ಲಿ ಮೂಡಣ ಕೇರಿಯ ಅಂಕಿಗಳು ಯಾವಾಗಲೂ ಪಡುವಣದ್ದಕ್ಕಿಂತ ಹೆಚ್ಚು. ಹೀಗಾಗಿ ಊರಿನಲ್ಲಿ ಒಂದು ಮಾತೇ ಹುಟ್ಟಿತ್ತು: ಮೂಡಣ ಕೇರಿಯ ಹೆಂಗಸರು ಸೋಮಾರಿಗಳು, ಹಸಿ ಸೌದೆ ತುರುಕುತ್ತಾರೆ. ಹೆಣ್ಣು ನೋಡಲು ಹೋಗುವವರು ಕೂಡ ಆ ಕೇರಿ ಎಂದರೆ ಮೂಗು ಮುರಿಯುತ್ತಿದ್ದರು. ಆ ಮಾತನ್ನು ಹುಟ್ಟಿಸಿದ್ದು ತನ್ನ ಪೆನ್ನು ಎಂದು ಅವಳಿಗೆ ಹೊಳೆದಿರಲಿಲ್ಲ. ಅವಳೂ ಅದನ್ನು ನಂಬಿದ್ದಳು.

ಆ ಕೇರಿಯ ಕೊನೆಯ ಮನೆ ಹಂಡೆಯಕ್ಕನದು. ಹಿತ್ತಲಲ್ಲಿ ಎರಡಾಳು ಕೂರುವಷ್ಟು ದೊಡ್ಡ ತಾಮ್ರದ ಹಂಡೆ, ಅದರ ಕೆಳಗೆ ಒಲೆ, ಒಲೆಗೆ ಚಿಮಣಿ. ಆಸ್ಪತ್ರೆಯ ಹಾಸುಗಳನ್ನು ಬೆಳಿಗ್ಗೆ ಒಮ್ಮೆ, ಇಳಿಹೊತ್ತಿಗೆ ಒಮ್ಮೆ ಕುದಿಸಿ ಒಗೆಯುವುದು ಅವಳ ವೃತ್ತಿ. ಗಂಡ ಎಂಬುವನು ಎಲ್ಲೋ ಇದ್ದಾನೆ ಎನ್ನುತ್ತಿದ್ದಳು, ಮಳೆಗಾಲದಲ್ಲಿ ಕಳೆದ ಕೊಡೆಯ ಬಗ್ಗೆ ಹೇಳುವ ಹಾಗೆ. ಟ್ಯಾಂಕು ಇಳಿದ ಮೇಲೆ ಹೊಗೆಯಮ್ಮ ಅರ್ಧ ಊರು ಸುತ್ತಿಕೊಂಡು ಆ ಹಿತ್ತಲಿಗೆ ಹೋಗುತ್ತಿದ್ದಳು, ಹಂಡೆಯ ಪಕ್ಕ ಐದು ನಿಮಿಷ ಕೈ ಕಾಯಿಸಿಕೊಳ್ಳಲು.

“ಬಾ, ದೊರೆಸಾನಿ. ಇವತ್ತು ಎಷ್ಟು ಕೊಟ್ಟೆ ನನಗೆ?”

“ಮೂರು.”

“ನಮ್ಮ ಮೇಷ್ಟ್ರು ಶಾಲೇಲಿ ಅದಕ್ಕಿಂತ ಕಮ್ಮಿ ಕೊಡೋರು.”

ಹೊರಡುವಾಗ ಒಂದು ಬಕೆಟ್ಟು ಬಿಸಿನೀರು ಕೊಡುತ್ತಿದ್ದಳು, ಅತ್ತೆಯ ಹಾಸು ಒಗೆಯಲು. “ಆಸ್ಪತ್ರೆ ಸೋಪು ಬೆರೆತಿದೆ, ವಾಸನೆ ನಿಲ್ಲಲ್ಲ, ತಗೊಂಡು ಹೋಗು” ಎನ್ನುತ್ತಿದ್ದಳು. ಹೊಗೆಯಮ್ಮನ ಮನೆಯಲ್ಲಿ ಒಂದು ವಾಸನೆಯಿದೆ, ಅದು ಅವಳಿಗೆ ಗೊತ್ತಿದೆ, ಅದಕ್ಕಾಗಿ ಅವಳು ಯಾರನ್ನೂ ಒಳಗೆ ಕರೆಯುವುದಿಲ್ಲ, ಇಷ್ಟನ್ನೂ ಒಂದು ಮಾತಾಡದೆ ತಿಳಿದುಕೊಂಡವಳು ಇಡೀ ಊರಿನಲ್ಲಿ ಹಂಡೆಯಕ್ಕ ಒಬ್ಬಳೇ.

ದೂರು ಕೊಟ್ಟದ್ದು ಗೋಡೆಯಾಚೆಯ ನಿವೃತ್ತ ಮೇಷ್ಟ್ರು. ದೂರಿನಲ್ಲಿ ಸುಳ್ಳಿರಲಿಲ್ಲ. ಆ ವರ್ಷ ಮಳೆ ಹೆಚ್ಚಾಗಿ ಸೌದೆಯೆಲ್ಲ ತೊಯ್ದಿತ್ತು, ಹೊಗೆ ನೇರ ಅವರ ಮಲಗುವ ಕೋಣೆಗೆ ನುಗ್ಗುತ್ತಿತ್ತು, ಒಣಹಾಕಿದ ಬಿಳಿ ಅಂಗಿಗಳ ಮೇಲೆ ಮಸಿ ಕೂರುತ್ತಿತ್ತು. ಹೊಗೆಯಮ್ಮ ವಿಚಾರಿಸಲು ಹೋದಾಗ ಬಾಗಿಲು ತೆರೆದದ್ದು ಮೇಷ್ಟ್ರ ಹೆಂಡತಿ.

“ಅಂಗಿ ಒಗೆಯೋಳು ನಾನು, ಅರ್ಜಿ ಬರೆಯೋರು ಅವರು” ಎಂದಳು ಆಕೆ, ದನಿ ತಗ್ಗಿಸಿ. “ಎರಡನೇ ಸಲ ಒಗೆಯೋದು ನನಗೂ ಕಷ್ಟವೇ. ಆದ್ರೆ ಆಕೆಗೆ ಹೇಳಿದ್ರೆ ಸರಿಮಾಡ್ಕೋತಾಳೆ, ಒಲೆ ಮುಚ್ಚಿಸಬೇಡಿ.”

ಹೇಳಿದ್ದಾಯಿತು. ಹಂಡೆಯಕ್ಕ ಒಂದೊಂದೇ ಮಾಡಿದಳು. ಸೌದೆಗೆ ತಗಡಿನ ಮಾಡು ಹಾಕಿಸಿದಳು. ಬೆರಳ ಗಾತ್ರಕ್ಕೆ ಸೀಳಿದಳು, ಬೆಂಕಿಯನ್ನು ಮೇಲಿನಿಂದ ಹಚ್ಚಿದಳು. ಒಲೆಗೆ ಚಿಂದಿ, ಎಲೆ ಎಸೆಯುವುದನ್ನು ಬಿಟ್ಟಳು. ಚಿಮಣಿಯನ್ನು ನಾಲ್ಕು ಅಡಿ ಏರಿಸಿದಳು, ಗಾಳಿ ಮೇಷ್ಟ್ರ ಮನೆಯತ್ತ ಬೀಸುವ ದಿನ ಅವರು ಎದ್ದು ಕಿಟಕಿ ಹಾಕುವವರೆಗೆ ಕಾದು ಹಚ್ಚಿದಳು. ಆದರೂ ಟ್ಯಾಂಕಿನ ಮೇಲಿನಿಂದ ಹೊಗೆಯಮ್ಮನಿಗೆ ಮೊದಲ ದಿನ ಕಂಡದ್ದು ಮೂರು. ಎರಡನೇ ವಾರ ಮತ್ತೆ ಮೂರು.

“ಸೌದೆ ಒಣಗಿಸಿದೀಯಾ ನಿಜವಾಗ್ಲೂ?” ಎಂದು ಕೇಳಿದಳು.

“ಬಂದು ಮುಟ್ಟಿ ನೋಡು. ಮುರಿದ್ರೆ ಹಪ್ಪಳದ ಹಾಗೆ ಸದ್ದು ಬರುತ್ತೆ.”

“ನಸುಕಿನಲ್ಲಿ ನಾನು ನೋಡಲ್ಲ ಅಂದ್ಕೊಂಡು ಹಸೀದು ಹಾಕ್ತಿಲ್ಲ ತಾನೆ?”

ಹಂಡೆಯಕ್ಕ ಕೈಯಲ್ಲಿದ್ದ ಹಾಸನ್ನು ಹಿಂಡುವುದು ನಿಲ್ಲಿಸಿದಳು. “ಇನ್ನೇನು ಮಾಡ್ಲಿ ಹೇಳು. ಉಸಿರು ಬಿಗಿಹಿಡಿದು ಒಲೆ ಹಚ್ಲಾ?”

ಮೂರನೇ ಸಲವೂ ಮೂರು ಬಂತು. ಹೊಗೆಯಮ್ಮ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು, ಕಾರ್ಡಿನ ಚೌಕ ಬದಲಾಗಲಿಲ್ಲ. ಸ್ನೇಹ ನೋಡಿ ಅಂಕಿ ಬರೆಯುವವಳು ತಾನಲ್ಲ ಎಂಬ ಒಂದು ಹೆಮ್ಮೆಯೂ ಅವಳಿಗಿತ್ತು. ಬರೆದಳು. ಒಲೆಯ ಬಾಯಿಗೆ ಇಟ್ಟಿಗೆ ಬಿತ್ತು. ಆಸ್ಪತ್ರೆಯ ಹಾಸುಗಳು ಯಂತ್ರದಲ್ಲಿ ಒಗೆಯುವವರ ಪಾಲಾದವು. ಹಂಡೆಯಕ್ಕ ನಾಲ್ಕು ಮನೆಯಲ್ಲಿ ಪಾತ್ರೆ ತಿಕ್ಕಲು ಹಿಡಿದಳು. ದಾರಿಯಲ್ಲಿ ಎದುರಾದರೆ ತಲೆ ತಗ್ಗಿಸಲಿಲ್ಲ, ಮುಖ ತಿರುಗಿಸಲಿಲ್ಲ. ಗೋಡೆಯನ್ನು ನೋಡುವಂತೆ ನೋಡಿ ಮುಂದೆ ಹೋಗುತ್ತಿದ್ದಳು. ಹೊಗೆಯಮ್ಮ ಟ್ಯಾಂಕಿನಿಂದ ಇಳಿದು ನೇರ ಮನೆಗೆ ಹೋಗತೊಡಗಿದಳು. ಆ ಐದು ನಿಮಿಷಗಳಲ್ಲಿ ಈಗ ಏನು ಮಾಡಬೇಕೋ ತಿಳಿಯದೆ ಕೆಲವು ದಿನ ನಲ್ಲಿಯ ಕಟ್ಟೆಯ ಮೇಲೆ ಸುಮ್ಮನೆ ಕೂತು ಎದ್ದಳು.

ಎಂಬತ್ತೇಳು ದಿನ ಕಳೆದವು. ಮೊಹರು ಬಿದ್ದ ಒಲೆಯ ಬಗ್ಗೆ ತೊಂಬತ್ತು ದಿನದೊಳಗೆ ಆ ಮನೆಯವರು ಹೊಸ ಕಾರಣ ತೋರಿಸಿ ಮೇಲ್ಮನವಿ ಕೊಡಬಹುದು. ಕೊಡದಿದ್ದರೆ ಚಿಮಣಿಯನ್ನೇ ಇಳಿಸುತ್ತಾರೆ. ಗಡುವು ಸೋಮವಾರ ಸಂಜೆ ಐದಕ್ಕೆ.

ಶುಕ್ರವಾರ ಬೆಳಿಗ್ಗೆ ಟ್ಯಾಂಕಿನ ಮೇಲಿದ್ದಾಗ ಹೇಳದೆ ಕೇಳದೆ ಮಳೆ ಬಂತು. ರಿಜಿಸ್ಟರನ್ನು ಸೆರಗಿನೊಳಗೆ ಉಳಿಸಿಕೊಂಡಳು, ಕಾರ್ಡು ನೆನೆಯಿತು. ಮನೆಗೆ ಬಂದು ಅದನ್ನು ಸೌದೆಯ ಪಕ್ಕ, ಒಲೆಯ ಮೇಲಿನ ಹಲಗೆಯಲ್ಲಿಟ್ಟಳು. ಮಧ್ಯಾಹ್ನ ತೆಗೆದಾಗ ಬೆನ್ನಿನ ರಟ್ಟು ಒಣಗಿದ ಗಾಯದ ಹೊಪ್ಪಳೆಯ ಹಾಗೆ ಎದ್ದುಬಂದಿತ್ತು. ಎಳೆದಳು. ಕೆಳಗೆ ಸಣ್ಣಕ್ಷರಗಳು, ಅಂಟಿನ ಕಲೆಗಳ ನಡುವೆ. ವಿಳಾಸವಲ್ಲ. ‘ನೋಡುವವರಿಗೆ ಸೂಚನೆಗಳು’ ಎಂದಿತ್ತು. ನಾಲ್ಕನೆಯದು: ‘ಸೂರ್ಯನು ನೋಡುವವರ ಬೆನ್ನ ಹಿಂದೆ ಇರಬೇಕು. ಹೊಗೆಯ ಹಿಂದೆ ಸೂರ್ಯನಿದ್ದರೆ ಹೊಗೆ ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ; ಅಂಥ ಓದನ್ನು ಬರೆಯಬಾರದು.’

ನಿಂತಲ್ಲೇ ಎರಡು ಸಲ ಓದಿದಳು. ಆಮೇಲೆ ಅತ್ತೆಯ ಮಂಚದ ಬಳಿ ಹೋದಳು.

“ಅವರು ಇಳಿಹೊತ್ತಿಗೆ ಟ್ಯಾಂಕು ಯಾಕೆ ಹತ್ತುತಿದ್ರು?”

“ಮೂಡಣ ಕೇರಿ ನೋಡೋಕೆ. ಬೆಳಿಗ್ಗೆ ಹೊತ್ತು ಅತ್ತ ನೋಡಿದ್ರೆ ಹಾಲೂ ಕಪ್ಪೇ ಕಾಣುತ್ತೆ ಅನ್ನೋನು.”

“ನನಗ್ಯಾಕೆ ಹೇಳಲಿಲ್ಲ?”

“ನೀನೆಲ್ಲಿ ಅದನ್ನ ಕೇಳ್ದೆ? ಹೊತ್ತಿಗೆ ಸರಿಯಾಗಿ ಮನೆಗ್ಯಾಕೆ ಬರಲ್ಲ ಅಂತ ಕೇಳ್ತಿದ್ದೆ. ಅದಕ್ಕೆ ಅವನು ಉತ್ತರ ಕೊಡ್ತಿರಲಿಲ್ಲ.” ಅತ್ತೆ ಕಣ್ಣು ಮುಚ್ಚಿಕೊಂಡರು. “ಬೆನ್ನು ಉರೀತಿದೆ, ಹೊರಳಿಸು.”

ಹೊರಳಿಸಿದಳು.

ಶನಿವಾರ ಬೆಳಿಗ್ಗೆ ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಅವಳು ಟ್ಯಾಂಕು ಹತ್ತಲಿಲ್ಲ. ಯಾಕೆ ಹತ್ತಲಿಲ್ಲ ಎಂದು ಯಾರೂ ಕೇಳಲಿಲ್ಲ. ತನ್ನ ಒಲೆಗೆ ಬೇಕೆಂದೇ ಎರಡು ಹಸಿ ಕೊಳ್ಳಿ ಸೇರಿಸಿ, ಕಾರ್ಡು ಹಿಡಿದು ಹೊರಗೆ ಬಂದಳು. ಊರಿನ ಅಷ್ಟೂ ಚಿಮಣಿಗಳನ್ನು ನೋಡಿದವಳು ತನ್ನದನ್ನು ನೋಡಿರಲಿಲ್ಲ. ಗಿಡ್ಡ ಚಿಮಣಿ, ಒಂದು ಇಟ್ಟಿಗೆ ಬಿದ್ದಿತ್ತು. ಸೂರ್ಯ ಮೇಲೆದ್ದ. ಮನೆಯ ಪಡುವಣಕ್ಕೆ, ಓಣಿಯಲ್ಲಿ ನಿಂತು ನೋಡಿದಳು: ಹೊಗೆಯ ಹಿಂದೆ ಬೆಳಕು, ಹೊಗೆ ಮೂರು. ಬೇಗ ಬೇಗ ಗೋಡೆ ಬಳಸಿ ಹಿತ್ತಲಿಗೆ ಹೋಗಿ, ಸೂರ್ಯನಿಗೆ ಬೆನ್ನು ಕೊಟ್ಟು ನೋಡಿದಳು. ಅದೇ ಹೊಗೆ ಎರಡು, ಅದೂ ಪೂರ್ತಿಯಲ್ಲ. ಮತ್ತೆ ಓಣಿ: ಮೂರು. ಮತ್ತೆ ಹಿತ್ತಲು: ಎರಡು. ಐದನೇ ಸುತ್ತಿಗೆ ಹಾಲಿನವನು ಸೈಕಲ್ ನಿಲ್ಲಿಸಿದ.

“ಏನ್ ಹೊಗೆಯಮ್ಮ, ನಿಮ್ಮ ಮನೆಗೆ ನೀವೇ ಚೀಟಿ ಕೊಡ್ತಿದೀರಾ?”

ಅವಳು ನಗಲಿಲ್ಲ. ಅವನು ಹಾಲು ಅಳೆದು ಕೊಟ್ಟು ಹೋದ.

ಹತ್ತೂವರೆಗೆ ಹೆಡ್ ಕ್ಲರ್ಕಿನ ಮೇಜಿನ ಮೇಲೆ ಕಾರ್ಡನ್ನು ಮಗುಚಿ ಇಟ್ಟಳು. ಆತ ಕನ್ನಡಕ ಏರಿಸಿ ಓದಿದ, ಮತ್ತೆ ಮುಂಬದಿಗೆ ತಿರುಗಿಸಿದ.

“ಇದರ ಮೇಲಿನ ರಟ್ಟು ಅಂಟಿಸಿದ್ದು ಯಾರು?”

“ನಾನೇ.”

“ಮತ್ತೆ ನೀವೇ ಅಂಟಿಸಿಬಿಡಿ.”

“ಹಂಡೆಯಕ್ಕನ ಒಲೆ ಮೂರಲ್ಲ ಸಾರ್. ಎರಡಿರಬೇಕು. ನಾನು ಸೂರ್ಯನ ಕಡೆ ಮುಖ ಮಾಡಿ ನೋಡಿದ್ದೆ.”

“ಆಕೆ ಬಂದು ಕೇಳಿದ್ಲಾ?”

“ಅವಳಿಗೆ ಗೊತ್ತಿಲ್ಲ.”

“ಅಷ್ಟೇ ಮತ್ತೆ.” ಆತ ಕುರ್ಚಿಯನ್ನು ಹತ್ತಿರ ಎಳೆದುಕೊಂಡ, ಗದರಿಸುವ ದನಿಯಲ್ಲ, ಮನೆಯವರಿಗೆ ಬುದ್ಧಿ ಹೇಳುವ ದನಿ. “ನೋಡಮ್ಮ, ಒಂದು ಮನೆ ತಪ್ಪಾದ್ರೆ ಇಡೀ ಕೇರಿ ತಪ್ಪು. ಹನ್ನೊಂದು ವರ್ಷದ ಚೀಟಿ ಹಿಡ್ಕೊಂಡು ಮೂಡಣದವರೆಲ್ಲ ಈ ಮೇಜಿನ ಮುಂದೆ ಸಾಲಲ್ಲಿ ನಿಲ್ತಾರೆ. ಮೇಲಿನವರು ನನ್ನ ಕೇಳ್ತಾರೆ, ಕಲಿಸಿದ್ದು ಯಾರು ಅಂತ. ನಾನು ನಿಮ್ಮ ಹೆಸರು ಹೇಳ್ತೀನಿ. ಅನುಕಂಪದ ಕೆಲಸ ಇದು, ಕೊಟ್ಟ ಕೈಗೆ ಕಿತ್ಕೊಳ್ಳೋದೂ ಗೊತ್ತು. ನಿಮ್ಮತ್ತೆಯವರನ್ನ ಯಾರು ನೋಡ್ಕೋತಾರೆ? ತಮ್ಮ ಕಾಲ ಮೇಲೆ ತಾವೇ ಚಪ್ಪಡಿ ಕಲ್ಲು ಎಳ್ಕೋತಾರಾ ಯಾರಾದ್ರೂ?”

ಅತ್ತೆಯ ಮಾತು ಬಂದಾಗ ಅವಳ ಬೆರಳಿಗೆ ಪುಡಿಯ ನೆನಪಾಯಿತು. ಡಬ್ಬಿ ಖಾಲಿಯಾಗುತ್ತ ಬಂದಿತ್ತು.

“ಸೋಮವಾರ ಟ್ಯಾಂಕು ಇಳಿದವರೇ ರಿಜಿಸ್ಟರು ತಂದು ನನ್ನ ಕೈಗೆ ಕೊಡಿ. ಬೀರುವಿನಲ್ಲಿಟ್ಟು ಬೀಗ ಹಾಕ್ತೀನಿ. ಐದಕ್ಕೆ ಗಡುವು ಮುಗಿಯುತ್ತೆ. ಮಂಗಳವಾರ ಗಾರೆಯವನು ಚಿಮಣಿ ಇಳಿಸ್ತಾನೆ. ಇನ್ಮೇಲೆ ಬೇಕಾದ್ರೆ ಇಳಿಹೊತ್ತಿಗೂ ಹತ್ತಿ, ಯಾರು ಬೇಡ ಅಂದ್ರು? ಹಿಂದಿನದು ಬೂದಿ ಮುಚ್ಚಿದ ಕೆಂಡ. ಕೆದಕಬೇಡಿ.”

ಭಾನುವಾರ ಅವಳು ಮನೆಯ ಅಷ್ಟೂ ಹಾಸುಗಳನ್ನು ಒಗೆದಳು. ಒಲೆಯ ಮೇಲೆ ಕಾಯಿಸಿದ ಎರಡೆರಡು ತಂಬಿಗೆ ನೀರಿನಲ್ಲಿ ಅವು ಹಿಂದಿನ ಹಾಗೆ ಬಿಳಿಯಾಗಲಿಲ್ಲ. ಹಂಡೆಯಕ್ಕ ಅವತ್ತು ಹಿಂಡುವುದನ್ನು ನಿಲ್ಲಿಸಿ ನೋಡಿದ ನೋಟ ಎದುರಿಗೆ ಬಂತು. ಅಂಕಿ ತಪ್ಪಾದದ್ದು ಬೇರೆ ಮಾತು. ಅದು ಕಣ್ಣಿನದು, ಕಾರ್ಡಿನದು, ಕಲಿಸದೆ ಕೈಗೆ ಕೊಟ್ಟವರದು ಎನ್ನಬಹುದು. ಬಂದು ಮುಟ್ಟಿ ನೋಡು ಎಂದಳು, ತಾನು ಮುಟ್ಟಿ ನೋಡಲಿಲ್ಲ. ಅದು ಮಾತ್ರ ಬೇರೆ ಯಾರದೂ ಅಲ್ಲ.

“ಯಾರ ಜೊತೆ ಮಾತಾಡ್ತಿದೀಯ?” ಎಂದು ಕೂಗಿದರು ಅತ್ತೆ ಒಳಗಿನಿಂದ.

“ಯಾರೂ ಇಲ್ಲ.”

“ಅದೇ ಕೇಳಿದ್ದು.”

ಸೋಮವಾರ ಅತ್ತೆ ಹದಿನಾಲ್ಕನೇ ಚಮಚವನ್ನು ಯಾವ ಉಪಾಯವೂ ಇಲ್ಲದೆ ನುಂಗಿದರು. ಅವಳು ಟ್ಯಾಂಕು ಹತ್ತಿದಳು. ಪಡುವಣ ಕೇರಿಯನ್ನು ನೋಡಿ ಬರೆದಳು. ಮೂಡಣಕ್ಕೆ ತಿರುಗಿದಾಗ ಬೆಳಕು ಕಣ್ಣಿಗೆ ಹೊಡೆಯಿತು. ಮನೆಮನೆಯ ಹೊಗೆ ಕಪ್ಪು ದಾರಗಳ ಹಾಗೆ ಎದ್ದಿತ್ತು, ಕೊನೆಯ ಮನೆಯ ಚಿಮಣಿಯ ಮೇಲೆ ಮಾತ್ರ ಏನೂ ಇಲ್ಲ. ಆ ಕೇರಿಯ ಸಾಲುಗಳಲ್ಲಿ ‘ಇಳಿಹೊತ್ತಿಗೆ’ ಎಂದು ಬರೆದು ಬಿಟ್ಟಳು. ಆಮೇಲೆ ಪುಟ ಹಿಂದಕ್ಕೆ ತಿರುವಿದಳು.

ಪ್ರತಿ ಪುಟಕ್ಕೂ ಸಂಖ್ಯೆಯ ಮೊಹರಿತ್ತು, ಹರಿಯುವಂತಿಲ್ಲ, ಅಳಿಸುವಂತಿಲ್ಲ. ಮನೆ, ಅಂಕಿ, ನಿಮಿಷ, ಗಾಳಿ, ಕೊನೆಗೆ ಎರಡು ಬೆರಳ ಅಗಲದ ‘ಷರಾ’. ಹನ್ನೊಂದು ವರ್ಷ ಆ ಕಾಲಮ್ಮಿನಲ್ಲಿ ಅವಳು ಏನೂ ಬರೆದಿರಲಿಲ್ಲ. ಅಲ್ಲಿ ಬರೆಯಬಹುದು ಎಂದೂ ಯಾರೂ ಹೇಳಿರಲಿಲ್ಲ. ಮೂರು ತಾರೀಖುಗಳನ್ನು ಹುಡುಕಿ ತೆಗೆದಳು. ಜಾಗ ಸಾಲುವಂತೆ ಅಕ್ಷರವನ್ನು ಸಣ್ಣದು ಮಾಡಿ ಮೂರು ಕಡೆಯೂ ಬರೆದಳು: ‘ಸೂರ್ಯ ಹೊಗೆಯ ಹಿಂದೆ ಇದ್ದ. ಈ ಓದು ಬರೆಯಬಾರದಿತ್ತು. ಸೌದೆಯನ್ನು ನಾನು ಮುಟ್ಟಿ ನೋಡಲಿಲ್ಲ.’ ಕೆಳಗೆ ರುಜು ಹಾಕಿ, ಮಸಿ ಒಣಗುವವರೆಗೆ ಗಾಳಿ ಪುಟ ಮಗುಚದಂತೆ ಅಂಗೈ ಅಡ್ಡ ಹಿಡಿದು ಕೂತಳು.

ತೊಂಬತ್ತೆರಡು ಮೆಟ್ಟಿಲು ಇಳಿದಳು. ಬುಡದಲ್ಲಿ ದಾರಿ ಕವಲಾಗುತ್ತದೆ, ಪುರಸಭೆಯ ಕಚೇರಿ ಪಡುವಣಕ್ಕೆ. ಹೆಡ್ ಕ್ಲರ್ಕು ಇವತ್ತು ಬೇಗ ಬಂದು ಬೀರುವಿನ ಬೀಗ ತೆಗೆದಿರುತ್ತಾನೆ. ಹಂಡೆಯಕ್ಕ ಪಾತ್ರೆ ತಿಕ್ಕಲು ಹೊರಡುವುದು ಎಂಟಕ್ಕೆ. ಬಾಗಿಲು ತೆರೆಯುತ್ತಾಳೋ, ತೆರೆದರೂ ಗೋಡೆಯನ್ನು ನೋಡುವಂತೆ ನೋಡುತ್ತಾಳೋ ತಿಳಿಯದು. ಹೊಗೆಯಮ್ಮ ರಿಜಿಸ್ಟರನ್ನು ಎದೆಗವುಚಿಕೊಂಡು, ಕೈಯನ್ನು ಹುಬ್ಬಿನ ಮೇಲೆ ಮರೆಹಿಡಿದು, ಬಿಸಿಲಿಗೆ ಮುಖ ಕೊಟ್ಟು ಮೂಡಣ ಕೇರಿಯ ದಾರಿ ಹಿಡಿದಳು.